ಉಸ್ತಾದರ ಭಾರ

ಅನುಗೊಂಡನಹಳ್ಳಿ
ಕಾರ್ತಿಕ, 1968

ಗರಡಿಯ ಸಿಂಹ, ಕೆಮ್ಮಣ್ಣಿನ ಚಕ್ರವರ್ತಿ, ಉಸ್ತಾದ್ ಅಪ್ಪಯ್ಯಣ್ಣನವರ ಸನ್ನಿಧಾನಕ್ಕೆ,

ತಮ್ಮ ಶಿಷ್ಯರಲ್ಲೆಲ್ಲ ಬಡಕಲಾದ ಸೊಣ್ಣಪ್ಪ ಮಾಡುವ ದೀರ್ಘದಂಡ ನಮಸ್ಕಾರ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ತಾವು ಹೇಗಿದ್ದೀರಿ ಎಂದು ಬರೆಯಹೊರಟು ಕೈ ನಿಂತಿತು. ಹೋದ ವಾರ ನಾವೇ ಮಣ್ಣು ಮಾಡಿದ ಮನುಷ್ಯರನ್ನು ಹಾಗೆ ಕೇಳುವ ಪದ್ಧತಿ ಇಲ್ಲವಲ್ಲ.

ನಾನು ಗರಡಿಗೆ ಸೇರಿದ ದಿನ ಹೊಸಕೋಟೆ ಸಂತೆಯಲ್ಲಿ ಕೊಂಡ ಬಲವರ್ಧಕ ಪುಡಿಯ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಿದ್ದೆ. ತಾವು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಹುರಿಗಡಲೆ ಹಿಟ್ಟು ಕಣೋ ಇದು. ಬಲ ಬಂದಿರೋದು ಮಾರಿದವನಿಗೆ" ಅಂದಿರಿ. ನೆನೆಸಿದ ಕಡಲೆಕಾಳು, ಒಂದಚ್ಚು ಬೆಲ್ಲ ಕೈಗಿಟ್ಟು, "ಅಗಿದು ತಿನ್ನು. ಬಸ್ಕಿ ಹೊಡಿ. ಮೈ ನೋಯ್ತದೆ, ನಿಮ್ಮಮ್ಮನ ಹತ್ರ ಹೋಗಿ ಅಳಬೇಡ" ಎಂದಿರಿ. ಆಜ್ಞೆ ಮೀರಲಿಲ್ಲ. ಎಮ್ಮೆಯ ಹತ್ತಿರ ಹೋಗಿ ಅತ್ತೆ.

ನಮ್ಮ ಗರಡಿಯ ಕಟ್ಟಳೆ ತಾವೇ ಮಾಡಿದ್ದು. ಉಸ್ತಾದರನ್ನು ಎತ್ತಿಕೊಂಡು ಅಖಾಡದ ಸುತ್ತ ಒಂದು ಸುತ್ತು ಬರುವವರೆಗೆ ಯಾವನೂ ಪೈಲ್ವಾನನಲ್ಲ, ಬರೀ ಹೊಸಬ. ಅಶ್ವತ್ಥಕಟ್ಟೆಯಂಥ ತಮ್ಮ ಸೊಂಟಕ್ಕೆ ನನ್ನ ತೋಳು ಎಟುಕುತ್ತಲೇ ಇರಲಿಲ್ಲ. "ಬೇರು ಬಿಟ್ಟಿದೀನಿ ಕಣೋ" ಎಂದು ನಗುತ್ತಿದ್ದಿರಿ. ತಾವು ಮಲಗಿದ್ದಾಗ ಎತ್ತಲು ನೋಡಿ ಏಟು ತಿಂದದ್ದೂ ಉಂಟು. ಊರೆಲ್ಲ ನೋಡುವಾಗ ತಮ್ಮನ್ನು ಎತ್ತಬೇಕು, ನನಗೆ ಬೇಕಾದದ್ದು ಅದೊಂದೇ. ಕರುವಿಗೂ ಬಿಡದೆ ಹಾಲು ಕುಡಿದದ್ದು ಅದಕ್ಕೇ.

ಈ ಮುಂಗಾರಿಗೆ ತಮಗೆ ಕೆಮ್ಮು ಹತ್ತಿತು. ಕ್ಷಯ ಎಂದ ಡಾಕ್ಟರು ಮೊಟ್ಟೆ, ಹಾಲು, ಟಾನಿಕ್ ಬರೆದುಕೊಟ್ಟರು. ನಾನು ಬಾಟಲಿ ಹಿಡಿದು, ತಮ್ಮದೇ ಗತ್ತಿನಲ್ಲಿ "ಕುಡಿ. ಅಳಬೇಡ" ಅಂದಾಗ ತಮ್ಮ ಮನೆಯವರು ಲಕ್ಕಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಕುಡಿದದ್ದೆಲ್ಲ ಎಲ್ಲಿ ಹೋಯಿತೋ, ತಾವು ಕರಗುತ್ತಲೇ ಹೋದಿರಿ.

ಬೆಂಗಳೂರಿನ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಬಸ್ಸಿನವರೆಗೆ ನಡೆಯಲು ತಮಗಾಗಲಿಲ್ಲ. ಊರೇ ನೆರೆದಿತ್ತು. ನಾನು ಬಗ್ಗಿ ತೋಳು ಕೊಟ್ಟೆ. ತಾವು ಸುಮ್ಮನೆ ಮೇಲೆ ಬಂದುಬಿಟ್ಟಿರಿ, ಕಡಲೆ ಕಟ್ಟಿದ ಬಟ್ಟೆಗಂಟಿನ ಹಾಗೆ. ಕಣ್ಣು ಮಾತ್ರ ನನ್ನ ಮುಖದ ಮೇಲೇ ಇತ್ತು. ಅಂಥ ಹೆದರಿಕೆಯನ್ನು ಆ ಕಣ್ಣಲ್ಲಿ ನಾನು ಕಂಡಿರಲಿಲ್ಲ.

ಆಗ ನನಗೆ ಗೊತ್ತಿದ್ದ ಒಂದೇ ವಿದ್ಯೆ, ತಮ್ಮನ್ನು ಎತ್ತಲಾರದೆ ಸೋಲುವುದು, ಕೈಗೆ ಬಂತು. ಕಾಲು ನಡುಗಿಸಿದೆ. ಹಲ್ಲು ಕಚ್ಚಿ ಏದುಸಿರು ಬಿಟ್ಟೆ. "ಆಗಲ್ಲ ಉಸ್ತಾದ್. ಲೇ ಬೈರಣ್ಣ, ಆ ಕಡೆ ಕೈ ಹಾಕೋ, ಸೊಂಟ ಬಿತ್ತು" ಎಂದೆ. ಗರಡಿಯ ಜೊತೆಗಾರ ಬೈರಣ್ಣ ನನ್ನ ಮುಖ ನೋಡಿದ. ಕೈ ಹಾಕಿ ಅವನೂ ಮುಲುಗಿದ. "ಬಲ ಸಾಲದು ಕಣೋ ಇನ್ನೂ. ಕಡಲೆ ತಿನ್ನು" ಅಂದಿರಿ. ಎಷ್ಟೋ ದಿನದ ಮೇಲೆ ತಮ್ಮ ಕೈ ಮೀಸೆಗೆ ಹೋಯಿತು.

ನಿನ್ನೆ ಹುಡುಗರು ಪೇಟ ತಂದು, ನೀನೇ ಪೈಲ್ವಾನ ಅಂದರು. ಸುತ್ತಿಸಿಕೊಳ್ಳಲಿಲ್ಲ. ನನ್ನ ಕೈಲಿ ತಮ್ಮನ್ನು ಎತ್ತಲಾಗಲಿಲ್ಲ, ಊರೇ ನೋಡಿದೆ. ಆ ಮಾತು ಹಾಗೇ ಇರಲಿ. ಇವತ್ತು ಕಡಲೆ ಅಗಿದು, ಹೊಸಬರ ಸಾಲಿನಲ್ಲಿ ನಿಂತು ಬಸ್ಕಿ ಹೊಡೆದೆ.

ನಮ್ಮ ಅಖಾಡದ ಮಣ್ಣಿನಂತೆ ಆ ಮಣ್ಣೂ ತಮಗೆ ಮೆತ್ತಗಿರಲಿ.

ಇಂತಿ, ತಮ್ಮ ಕೈಕೆಳಗೆ ಎಂದಿಗೂ ಹೊಸಬನಾದ
ಸೊಣ್ಣಪ್ಪ