ಅಗಾತಾಳ ಬಗ್ಗೆ ನಾನು ಹೇಳಿದ ಸುಳ್ಳು

ಅಬುಧಾಬಿ
14 ಅಕ್ಟೋಬರ್ 1999

ಪ್ರೀತಿಯ ವೆಲಿಟಾ ಅಕ್ಕನಿಗೆ,

ನಿನ್ನ ಎರಡು ಕಾಗದಗಳಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನೋ ಅಡ್ಡ ಬರುತ್ತಿತ್ತು. ಪುಟ್ಟ ಪ್ರೀತಮನ ಜ್ವರ ಬಿಟ್ಟಿದ್ದು ಸಮಾಧಾನ. ಹಿತ್ತಿಲ ಬಾವಿಯಲ್ಲಿ ನೀರು ಸಿಕ್ಕಿತೇ?

ನಾನು ಈಗಲೂ ಎಲೆಕ್ಟ್ರಾ ಸ್ಟ್ರೀಟಿನ ಅದೇ ಫ್ಲಾಟಿನಲ್ಲಿ, ನರ್ಸಿಂಗ್ ಕಂಪನಿಯ ಕಡೆಯಿಂದ, ವಿಲ್ಫ್ರೆಡ್ ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಆಸ್ಟ್ರೇಲಿಯಾದವರು, ಎಪ್ಪತ್ತೊಂದು ವರ್ಷ. ಜೆಬೆಲ್ ಅಲಿ ಬಂದರಿನಲ್ಲಿ ಕ್ರೇನ್‌ಗಳ ಎಂಜಿನಿಯರ್ ಆಗಿದ್ದವರು. ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದುಹಾಕಿದೆ. ಮಗಳು ಬೆಳಿಗ್ಗೆ ಆಫೀಸಿಗೆ ಹೋದರೆ ಮನೆಯಲ್ಲಿ ನಾವು ಮೂವರೇ: ಅವರು, ನಾನು, ಅಡುಗೆಯ ಝುಲೈಖ. ಝುಲೈಖ ಉಳ್ಳಾಲದವಳಾದ್ದರಿಂದ ನನ್ನ ಬಾಯಿಗೆ ತುಕ್ಕು ಹಿಡಿದಿಲ್ಲ.

ವಿಲ್ಫ್ರೆಡ್ ಅವರಿಗೆ ಒಂದೇ ಹಂಬಲ. ಅವರ ಮುತ್ತಜ್ಜ ಗೇಬ್ರಿಯಲ್ ಮತ್ತು ಮುತ್ತಜ್ಜಿ ಅಗಾತಾ 1853ರಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರಂತೆ. ಅವರ ಬದುಕು ಹೇಗಿತ್ತೆಂದು ತಿಳಿಯಬೇಕು. ಅಲ್ಲಿನ ದಾಖಲೆ ಕಚೇರಿಗೆ ಬರೆದರೆ ಹಳೆಯ ಪುಟಗಳ ಜೆರಾಕ್ಸ್ ಕಳಿಸುತ್ತಾರೆ. ಓದುವುದು ನನ್ನ ಕೆಲಸ. ಆ ಕೊಕ್ಕೆ ಅಕ್ಷರ ಬಿಡಿಸಲು ಮೊದಮೊದಲು ಒಂದು ಸಾಲಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಮೊದಲು ಬಂದದ್ದು ಹಡಗಿನ ಪಟ್ಟಿ. ಗೇಬ್ರಿಯಲ್, ಇಪ್ಪತ್ತಾರು, ಕುರುಬ. ಅಗಾತಾ, ಇಪ್ಪತ್ತೆರಡು, ಓದಬಲ್ಲಳು, ಬರೆಯಲಾರಳು. ಆಮೇಲೆ ಜಮೀನಿನ ಕಾಗದ ಬಂತು. ಅದರಲ್ಲಿ ‘ಖಾಲಿ ಜಾಗ’ ಎಂದಿತ್ತು. ವಿಲ್ಫ್ರೆಡ್ ಅಲ್ಲಿ ನನ್ನನ್ನು ತಡೆದರು. “ಖಾಲಿ ಇರಲಿಲ್ಲ ಸಿಸ್ಟರ್. ಆ ನೆಲದ ಜನ ಅಲ್ಲೇ ಇದ್ದರು. ಬರೆಯುವವರು ಅವರನ್ನು ಬರೆಯಲಿಲ್ಲ, ಅಷ್ಟೇ” ಎಂದರು. ನಂತರ ಇಗರ್ಜಿಯ ಪುಸ್ತಕದಿಂದ ಐದು ಮಕ್ಕಳ ಜ್ಞಾನಸ್ನಾನದ ಪುಟಗಳು ಬಂದವು. ಕೊನೆಯ ಕೂಸೇ ಇವರ ಅಜ್ಜ. ತನ್ನ ತಾಯಿ ಮನೆಯಲ್ಲೇ, ಮಕ್ಕಳ ನಡುವೆ ಕಣ್ಣು ಮುಚ್ಚಿದಳೆಂದು ಆ ಅಜ್ಜ ಇವರಿಗೆ ಹೇಳಿದ್ದರಂತೆ.

ಕಳೆದ ತಿಂಗಳು ಅಗಾತಾಳ ಸಾವಿನ ದಾಖಲೆ ಬಂತು. ಲಕೋಟೆ ಒಡೆದು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಅಕ್ಕ, ಅದು ಹುಚ್ಚಾಸ್ಪತ್ರೆಯ ಪುಸ್ತಕ. ಐದನೆಯ ಹೆರಿಗೆಯ ನಂತರ ಅವಳು ಮಾತು ಬಿಟ್ಟಳು. ಗಂಡ ಗಾಡಿಯಲ್ಲಿ ಕರೆತಂದು ಸೇರಿಸಿ ಹೋದ. ಅದು 1866. ಸತ್ತದ್ದು 1889. ನಡುವೆ ವರ್ಷಕ್ಕೆ ಒಂದೆರಡು ಸಾಲು: “ಬೆಳಿಗ್ಗೆ ಮಕ್ಕಳು ಬರುತ್ತಾರೆ ಎನ್ನುತ್ತಾಳೆ. ಮುಖ ತೊಳೆದು ಬಾಗಿಲ ಬಳಿ ಕೂರುತ್ತಾಳೆ. ಯಾರೂ ಬಂದಿಲ್ಲ.”

“ಯಲ್ಲಾ, ಓದು ಸಿಸ್ಟರ್” ಎಂದು ಇಲ್ಲಿನ ಅರಬರ ಹಾಗೆ ಅವಸರಿಸಿದರು ವಿಲ್ಫ್ರೆಡ್.

“1889ರಲ್ಲಿ ತೀರಿಕೊಂಡರು.”

“ಮನೆಯಲ್ಲಾ?”

“ಹೌದು, ಮನೆಯಲ್ಲಿ.”

“ಯಾರಿದ್ದರು ಜೊತೆಗೆ?”

“ಮಕ್ಕಳೆಲ್ಲ ಇದ್ದರು” ಎಂದೆ. ಅವರ ಮುಖ ಸಡಿಲವಾಯಿತು. ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ, ಆದರೆ ಮೊದಲು ಹೇಳಿದ ಮಾತುಗಳೇ ಬಾಯಿಗೆ ಬರಲಿಲ್ಲ, ಬೇರೆಯೇ ಬಂದವು. ಅವರು ಕಿವಿಯನ್ನು ನನ್ನತ್ತ ತಿರುಗಿಸಿದರು.

ಅಡುಗೆಮನೆಗೆ ಹೋದರೆ ಝುಲೈಖ ಕೇಳಿದಳು, “ಎಂತ ಮಾರಾಯ್ತಿ, ಮುಖ ಹಾಗೆ ಮಾಡಿದ್ದು? ಆ ಕಾಗದದಲ್ಲಿ ಬೇರೆ ಎಂತದೋ ಉಂಟಲ್ವಾ?”

“ಉಂಟು. ಹೇಳ್ಲಿಕ್ಕೆ ಆಗ್ಲಿಲ್ಲ.”

“ಕಣ್ಣು ಕಾಣದವ್ರಿಗೆ ಹಾಗೆ ಮಾಡ್ಬಾರ್ದು ನೀನು” ಎಂದಷ್ಟೇ ಹೇಳಿ ಮೀನು ತೊಳೆಯತೊಡಗಿದಳು.

ಮೂರನೆಯ ದಿನ ಔಷಧಿ ಕೊಡಲು ಹೋದಾಗ ವಿಲ್ಫ್ರೆಡ್ ನನ್ನ ಕೈ ಹಿಡಿದುಕೊಂಡರು. “ಈಗ ಅದರಲ್ಲಿ ಇರುವುದನ್ನು ಓದು” ಎಂದರು. ಓದಿದೆ. ಇಪ್ಪತ್ತಮೂರು ವರ್ಷಗಳ ಸಾಲುಗಳನ್ನು ಒಂದೂ ಬಿಡದೆ ಓದಿದೆ. ನನಗೆ ಬೈಯುತ್ತಾರೆಂದುಕೊಂಡಿದ್ದೆ. ಆದರೆ ಅವರು, “ಎರಡು ದಿನ ಅವಳು ಮನೆಯಲ್ಲಿದ್ದಳು ಸಿಸ್ಟರ್. ಈಗ ನಾನೇ ಕರೆದುಕೊಂಡು ಹೋಗಿ ಅಲ್ಲಿ ಬಿಟ್ಟುಬರಬೇಕು” ಎಂದರು. ಅವರ ಮಾತ್ರೆ ನನ್ನ ಕೈಯಲ್ಲೇ ಕರಗಿತು.

ಸಮಾಧಿಯಾದರೂ ಎಲ್ಲಿದೆ ಎಂದು ಮಗಳ ಕೈಲಿ ಫ್ಯಾಕ್ಸ್ ಮಾಡಿಸಿದರು. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಹೂಳಿದ್ದಾರೆ, ಗುರುತಿನ ಕಲ್ಲುಗಳಿಲ್ಲ, ನಕ್ಷೆಯೂ ಉಳಿದಿಲ್ಲ ಎಂದು ಉತ್ತರ ಬಂತು. ಅಂದಿನಿಂದ ಅವರು ಆ ಫೈಲನ್ನು ಕೇಳಿಲ್ಲ. ಊಟವೂ ಅರ್ಧಕ್ಕರ್ಧ. ತಿಂಗಳ ಕೊನೆಗೆ ಮಗಳು ಅವರನ್ನು ಪರ್ತ್‌ನ ವೃದ್ಧಾಶ್ರಮಕ್ಕೆ ಕಳಿಸುತ್ತಿದ್ದಾಳೆ. ನನ್ನನ್ನು ಕಂಪನಿ ಯಾವ ಮನೆಗೆ ಹಾಕುತ್ತದೋ ಗೊತ್ತಿಲ್ಲ.

ಮನೆಯವರನ್ನೆಲ್ಲ ದೇವಮಾತೆ ಕಾಯಲಿ. ಪ್ರೀತಮನಿಗೆ ನನ್ನ ಮುದ್ದು, ಆಶೀರ್ವಾದ.

ನಿನ್ನ ತಂಗಿ,
ಲಿಡ್ವಿನ್

ಮರೆತ ಮಾತು: ಮರೆತದ್ದಲ್ಲ ಅಕ್ಕ. ಅಮ್ಮ ಹೇಗಿದ್ದಾಳೆಂದು ಇಷ್ಟುದ್ದದ ಕಾಗದದಲ್ಲಿ ಕೇಳಲಿಲ್ಲ, ಧೈರ್ಯವಾಗಲಿಲ್ಲ. ಸೆಪ್ಟೆಂಬರಿನ ಮೊಂತಿ ಹಬ್ಬದಿಂದ ಈಚೆಗೆ ಫೋನ್ ಮಾಡಿದಾಗಲೆಲ್ಲ ಅಮ್ಮ ಮಲಗಿದ್ದಾಳೆ, ಇಲ್ಲವೇ ಇಗರ್ಜಿಗೆ ಹೋಗಿದ್ದಾಳೆ ಎನ್ನುತ್ತೀ. ಆ ಮೊಣಕಾಲಿನಲ್ಲಿ ಅಮ್ಮ ಗೇಟಿನವರೆಗೂ ನಡೆಯಲಾರಳು. ಕಳೆದ ಶುಕ್ರವಾರ ಇಲ್ಲಿನ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಊರಿನ ನಮ್ಮ ಪಕ್ಕದ ಮನೆಯ ಫ್ಲಾಯ್ಡ್ ಸಿಕ್ಕಿದ. ಊರಿನಿಂದ ಆಗಷ್ಟೇ ಬಂದಿದ್ದ. “ತುಂಬಾ ಬೇಜಾರಾಯ್ತು ಲಿಡ್ವಿನ್” ಎಂದ. ನನ್ನ ಮುಖ ನೋಡಿ, “ಅಲ್ಲ, ನಿನಗೆ ರಜೆ ಸಿಗ್ಲಿಲ್ಲ ಅಂತ” ಎಂದು ತಿರುಗಿಸಿದ. ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಇದೆ, ಮಾರ್ಚ್‌ವರೆಗೆ ಬಿಡುವುದಿಲ್ಲ. ಲಿಡ್ವಿನ್ ಹೇಗೂ ಬರಲಾರಳು, ಯಾಕೆ ಹೇಳುವುದು ಎಂದುಕೊಂಡಿದ್ದೀರಿ. ನಿನ್ನ ಮೇಲೆ ಕೋಪವಿಲ್ಲ. ಅಮ್ಮ ಹೋದ ತಾರೀಕು ಮಾತ್ರ ಬರೆ. ಕೊನೆಗೆ ಅಮ್ಮ ಯಾರನ್ನು ಕೇಳಿದಳೆಂದು ಬರೆಯಬೇಡ.