ಎಡೆಗೆ ಮುಂಚೆ ತೆಗೆದಿಟ್ಟ ಡಬ್ಬಿ

ತುಮಕೂರು,
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಸುಗುಣಕ್ಕ ಕಳಿಸಿದ ಫೋಟೋದಲ್ಲಿ ನಿನ್ನ ಕೈಯಲ್ಲಿ ಕೋಲು ಕಾಣಲಿಲ್ಲ. ಫೋಟೋಕ್ಕೆಂದು ಬಚ್ಚಿಟ್ಟೆಯೋ, ನಿಜವಾಗಿಯೇ ಬಿಟ್ಟೆಯೋ? ಬಿಪಿ ಮಾತ್ರೆ ತಪ್ಪಬೇಡ, ಉಪ್ಪಿನಕಾಯಿಯನ್ನು ಅಪ್ಪಬೇಡ. ನೋಡಿದೆಯಾ, ನಲವತ್ತೈದಾದರೂ ನನಗೆ ಪ್ರಾಸದ ಚಟ ಹೋಗಿಲ್ಲ. ಅಂಗಡಿಯಲ್ಲಿ ಯಾರು ಕೆಲಸ ಬಿಟ್ಟರೂ, ಯಾರಿಗೆ ಮಗುವಾದರೂ ನಾಲ್ಕು ಸಾಲು ಕಟ್ಟಿಕೊಡಲು ನನ್ನನ್ನೇ ಹಿಡಿಯುತ್ತಾರೆ. ಪಂಪ್‌ಸೆಟ್ ಮಾರುವ ಜಾಗದಲ್ಲಿ ಕನ್ನಡ ಮೀಡಿಯಂ ಬಿ.ಎ.ಗೆ ಬೇರೆ ಉಪಯೋಗ ಇನ್ನೂ ಸಿಕ್ಕಿಲ್ಲ. ಅಕ್ಕನಿಗೂ ಭಾವನಿಗೂ ನಾವೆಲ್ಲ ಕೇಳಿದೆವೆಂದು ಹೇಳು.

ಇಷ್ಟನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮುಂದಿನ ಮಾತು ಕರುಣನದು. ಅವನ ಹೆಸರು ಬಂದ ಕೂಡಲೇ ನಿನ್ನ ಕಡೆ ನೆಟ್‌ವರ್ಕ್ ಹೋಗುತ್ತದೆ. ಚಾಮರಾಜನಗರದ ಟವರುಗಳಿಗೆ ನನ್ನ ತಮ್ಮನ ಮೇಲೆ ಏನು ಕೋಪವೋ ಕಾಣೆ. ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಮಡಿಚಿಡಬಹುದು ಅಷ್ಟೆ. ಮಡಿಚಿಡಬೇಡಮ್ಮ.

ನಮ್ಮ ಅಂಗಡಿಯ ಮೆಕ್ಯಾನಿಕ್ ಬೆಟ್ಟಯ್ಯ ನಿನಗೆ ನೆನಪಿರಬೇಕು. ಅಮೃತೂರಿನವನು. ನೀನಿಲ್ಲಿದ್ದಾಗ ತನ್ನ ತೋಟದ ಎಳನೀರು ತಂದಿಟ್ಟು, 'ನಮ್ದು ಸಕ್ರೆ ಕಣವ್ವ, ಪ್ಯಾಟೇದು ಬರೀ ನೀರು' ಎಂದವನು. ಅವನ ಒಬ್ಬನೇ ಮಗ ಅಂಜನ್ ಹೋಗಿಬಿಟ್ಟ. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದ. ಕಾಯಿಲೆಯಲ್ಲ, ಅಪಘಾತವಲ್ಲ. ತನ್ನ ಪ್ರಾಣ ತಾನೇ ಕಳೆದುಕೊಂಡ, ನಮ್ಮ ಕರುಣನ ಹಾಗೆ. ಏಕೆಂದು ಯಾರಿಗೂ ಗೊತ್ತಿಲ್ಲ. ಅದೂ ಕರುಣನ ಹಾಗೆಯೇ. ಬೆಟ್ಟಯ್ಯನ ಕಡೆಯ ನೆಂಟರು ತಾಯಿ ವನಜಮ್ಮನ ಮೇಲೆ ಗೂಬೆ ಕೂರಿಸಿದ್ದಾರೆ. ಹಬ್ಬಕ್ಕೆ ಬಂದಿದ್ದಾಗ ಮೊಬೈಲು ನೋಡಬೇಡವೆಂದು ಗದರಿದಳಂತೆ. ಮೊಬೈಲಿಗೆ ಗದರದ ತಾಯಿ ಈ ಜಿಲ್ಲೆಯಲ್ಲಿ ಯಾವಳಿದ್ದಾಳಮ್ಮ?

ಸುದ್ದಿ ಬಂದ ಮಾರನೆಯ ದಿನ ಗೋಡೌನಿನ ಹಿಂದೆ ಎಂದಿನಂತೆ ಊಟಕ್ಕೆ ಕೂತೆವು, ಲೆಕ್ಕ ನೋಡುವ ಪ್ರಮೀಳಾ, ಸ್ಟೋರಿನ ಶಿವಮೂರ್ತಿ, ನಾನು. ಶಿವಮೂರ್ತಿ ಮುದ್ದೆ ಮುರಿಯುತ್ತಾ, 'ಅಂಥೋರ್ಗೆ ದಾರಿ ಸಿಗಲ್ಲ ಕಣಣ್ಣ, ಅಲ್ಲೇ ಸುತ್ತುತಿರ್ತವೆ. ತಿಥಿಗೆ ಹೋದ್ರೂ ಆ ಮನೇಲಿ ಊಟ ಮಾತ್ರ ಮಾಡ್ಬಾರ್ದು' ಎಂದ. ಪ್ರಮೀಳಾ, 'ಬಾಯ್ ಮುಚ್ಕೊಂಡು ಉಣ್ಣೋ ಮೂರ್ತಿ' ಎಂದಳು. 'ಬಾಯ್ ಮುಚ್ಕೊಂಡ್ ಹೆಂಗಕ್ಕ ಉಣ್ಣೋದು?' ಎಂದವನು ನನ್ನ ಕಡೆ ತಿರುಗಿದ. 'ನಿಮ್ಮಲ್ಲಿ ಏನಂತಾರೆ ಜಯಶೀಲಣ್ಣ? ನೀವು ಎಲ್ಲದಕ್ಕೂ ಕ್ಷಮೆ ಕ್ಷಮೆ ಅಂತೀರಲ್ಲ, ಇದಕ್ಕೂ ಐತಾ?'

ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ. ನಿನಗೇ ಗೊತ್ತಲ್ಲ, ಎಲ್ಲ ಆಫೀಸಿನಲ್ಲೂ ನಮ್ಮಂಥವನೊಬ್ಬನಿರುತ್ತಾನೆ. ಡಿಸೆಂಬರಿನಲ್ಲಿ ಅವನನ್ನು ಕೇಕ್ ಕೇಳುತ್ತಾರೆ, ಮಗಳಿಗೆ ಜ್ವರ ಬಂದರೆ ಪ್ರಾರ್ಥನೆ ಕೇಳುತ್ತಾರೆ, ಸಾವು ಬಂದರೆ ಉತ್ತರ ಕೇಳುತ್ತಾರೆ. ಕೇಕ್ ಬೇಕರಿಯಲ್ಲಿ ಸಿಗುತ್ತದೆ. ನೀನು ಕಲಿಸಿದ ಉತ್ತರ ನಾಲಗೆಯ ತುದಿಯಲ್ಲಿತ್ತು: 'ನನ್ನ ತಮ್ಮಂಗೆ ಹಾರ್ಟ್ ತೊಂದ್ರೆ ಇತ್ತು, ನಂಗೇನೂ ಗೊತ್ತಿಲ್ಲ.' ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದವನು ನಾನು. ಅವತ್ತು ಆಗಲಿಲ್ಲಮ್ಮ. ನನ್ನ ತಮ್ಮನೂ ಹಾಗೆಯೇ ಹೋದವನು ಎಂದುಬಿಟ್ಟೆ. ನಮ್ಮಲ್ಲಿ ಏನು ಹೇಳುತ್ತಾರೋ ಬಿಡು, ಏನು ಮಾಡಿದರೆಂದು ಹೇಳುತ್ತೇನೆ ಎಂದೆ. ಗುಬ್ಬಿ ಕಡೆಯ ನಮ್ಮೂರಿನ ಸಮಾಧಿ ಜಾಗದಲ್ಲಿ ಅಪ್ಪನ ಪಕ್ಕ ಸ್ಥಳವಿದ್ದರೂ ಅವನನ್ನು ಗೋಡೆ ಪಕ್ಕ ಇಟ್ಟದ್ದು, ಕೀರ್ತನೆ ಬೇಡವೆಂದು ಚರ್ಚಿನ ಸಭೆಯ ಹಿರಿಯರು ಪಿಸುಗುಟ್ಟಿದ್ದು, ಎಲ್ಲ ಹೇಳಿದೆ. ಪ್ರಮೀಳಾ ತುತ್ತು ಕೆಳಗಿಟ್ಟಳು.

ಆಮೇಲೆ, ಕೇಳಿದ್ದಕ್ಕೆ ನನಗೆ ತಿಳಿದದ್ದನ್ನೂ ಹೇಳಿದೆ. ಆ ಹುಡುಗ ಹೋಗುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ ಅಂದುಕೊಳ್ಳುತ್ತೇವೆ; ನಾನು ನಂಬಿದ ಸ್ವಾಮಿ ಅಲ್ಲಿದ್ದ, ಈಗಲೂ ಅವನನ್ನು ಬಿಟ್ಟಿಲ್ಲ, ನನ್ನ ನಂಬಿಕೆ ಇಷ್ಟೇ ಎಂದೆ. ಶಿವಮೂರ್ತಿ ಮೆಲ್ಲಗೆ ಕೇಳಿದ, 'ಅಲ್ಲೇ ಇದ್ದಿದ್ರೆ ಕೈ ಹಿಡ್ಕೊಂಡು ನಿಲ್ಲಿಸ್ಬೋದಿತ್ತಲ್ಲಣ್ಣ?' ನಾನೂ ಅದನ್ನೇ ಕೇಳ್ತಿದೀನಿ ಮೂರ್ತಿ, ಉತ್ತರ ಬಂದ್ರೆ ಮೊದ್ಲು ನಿಂಗೇ ಹೇಳ್ತೀನಿ ಎಂದೆ.

ಹನ್ನೊಂದನೇ ದಿನ ಮೂವರೂ ಅಂಗಡಿಯ ಓಮ್ನಿಯಲ್ಲಿ ಅಮೃತೂರಿಗೆ ಹೋದೆವು. ಶಾಮಿಯಾನ ದೊಡ್ಡದಿತ್ತು, ಕುರ್ಚಿಗಳಲ್ಲಿ ಜನ ಇರಲಿಲ್ಲ. ಬಂದವರು ಬೆಟ್ಟಯ್ಯನ ಕೈ ಹಿಡಿದು, ಚಪ್ಪಲಿ ಮೆಟ್ಟಿಕೊಂಡು, ಊಟ ಬೇಡವೆಂದು ಹೊರಡುತ್ತಿದ್ದರು. ಬೇಯಿಸಿದ ಅನ್ನ ಹಾಗೇ ಇತ್ತು. ಅದನ್ನು ನೋಡಿ ನನಗೆ ನಿನ್ನ ಟೀ ನೆನಪಾಯಿತು. ಕರುಣನನ್ನು ಮಣ್ಣು ಮಾಡಿ ಬಂದ ಸಂಜೆ ನೀನು ದೊಡ್ಡ ಪಾತ್ರೆಯಲ್ಲಿ ಟೀ ಕಾಸಿದೆ. ಸಭೆಯವರು ಒಬ್ಬರೂ ಒಳಗೆ ಬರಲಿಲ್ಲ. ಆರಿದ ಟೀಯನ್ನು ಕರಿಬೇವಿನ ಬುಡಕ್ಕೆ ಸುರಿದು ಪಾತ್ರೆ ತೊಳೆದಿಟ್ಟೆ. ಆ ವರ್ಷವೇ ಅಕ್ಕನ ಮನೆಗೆ ಹೊರಟವಳು ಈ ಕಡೆ ತಿರುಗಿ ನೋಡಲಿಲ್ಲ.

ಒಳಗೆ ಅಂಜನ್ ಫೋಟೋದ ಮುಂದೆ ಬಾಳೆಯೆಲೆಯಲ್ಲಿ ಎಡೆ ಇಟ್ಟಿದ್ದರು. ಅನ್ನ, ಸಾರು, ವಡೆ, ಜೊತೆಗೆ ಆ ಹುಡುಗನಿಗೆ ಇಷ್ಟವೆಂದು ಗೋಬಿ ಮಂಚೂರಿ, ಒಂದು ಎಗ್ ಪಫ್ಸ್. ವನಜಮ್ಮ ಗೋಡೆಗೆ ಒರಗಿ ಆ ಪಫ್ಸನ್ನೇ ನೋಡುತ್ತಿದ್ದಳು. ಮಗ ಹೋದ ದಿನದಿಂದ ಗಂಜಿ ನೀರು ಬಿಟ್ಟು ಏನೂ ಮುಟ್ಟಿಲ್ಲವಂತೆ. ಆಗ ಬೆಟ್ಟಯ್ಯ ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟ. 'ನಿಂಗೆ ಎಡೆಗೆ ಮುಂಚೇನೆ ತೆಗ್ದಿಟ್ಟಿದೀನಿ ಕಣಣ್ಣ. ನೀನ್ ಬತ್ತೀಯ ಅಂತ ಗೊತ್ತಿತ್ತು.'

ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅವನೂ ಪ್ರಮೀಳಾಳೂ ನನಗೆ ಹೀಗೆಯೇ ಬೇರೆ ಡಬ್ಬಿ ತರುತ್ತಾರೆ. ಎಡೆ ಇಟ್ಟದ್ದನ್ನು ನಾವು ಉಣ್ಣುವುದಿಲ್ಲವೆಂದು ಒಮ್ಮೆ ಹೇಳಿದ್ದೆ, ಇಬ್ಬರೂ ಮರೆತಿಲ್ಲ. ಆದರೆ ಮಗನ ತಿಥಿಯ ದಿನವೂ ಅವನಿಗೆ ಅದು ನೆನಪಿತ್ತಲ್ಲಮ್ಮ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ನನಗೆ ಅಂಜನ್ ಎಲೆಯಿಂದಲೇ ಬಡಿಸು ಎಂದೆ. ಅವನು ನಂಬದೆ ನನ್ನ ಮುಖ ನೋಡಿದ. 'ಬ್ಯಾಡ ಬುಡಣ್ಣ, ನಿಮ್ಮವ್ವ ಬೇಜಾರ್ ಮಾಡ್ಕತಾರೆ' ಎಂದ. ನಾನು ಕೂತೆ.

ಹೌದಮ್ಮ, ಉಂಡೆ. ನಿನ್ನ ಮಗ ಎಡೆಯ ಅನ್ನ ಉಂಡ. ಸತ್ತವರು ಬಂದು ತಿನ್ನುತ್ತಾರೆಂದು ನಾನು ಈಗಲೂ ನಂಬುವುದಿಲ್ಲ. ಬದುಕಿರುವ ನಾವೂ ತಿನ್ನದೆ ಎದ್ದರೆ ಆ ತಾಯಿ ಉಳಿಯುವುದಿಲ್ಲ ಅನ್ನಿಸಿತು. ನಮ್ಮ ಸ್ವಾಮಿ ಯಾರ ಮನೆಯ ಊಟಕ್ಕೆ ಕೂತ, ಯಾರ ಜೊತೆ ಕೂತ ಎಂದು ಭಾನುವಾರಗಳಲ್ಲಿ ಕತೆ ಹೇಳಿದವಳು ನೀನೇ. ತಪ್ಪಾಗಿದ್ದರೆ ಬಂದು ಬೈ. ಪ್ರಮೀಳಾ ನನ್ನ ಪಕ್ಕ ಕೂತು ಎರಡು ಸಲ ಸಾರು ಹಾಕಿಸಿಕೊಂಡಳು. ಪಫ್ಸನ್ನು ಮೂರು ಚೂರು ಮಾಡಿ ಒಂದನ್ನು ವನಜಮ್ಮನ ಕೈಗಿಟ್ಟಳು. ವನಜಮ್ಮ ಅದನ್ನು ಹಿಡಿದುಕೊಂಡೇ ಇದ್ದಳು, ಬಾಯಿಗೆ ಹಾಕಲಿಲ್ಲ. ಶಿವಮೂರ್ತಿ ಉಣ್ಣಲಿಲ್ಲ. ಆದರೆ ನಾವೇಳುವ ತನಕ ನೀರಿನ ಜಗ್ಗು ಹಿಡಿದು ನಿಂತಿದ್ದ. ಕುಣಿಗಲ್ಲಿನಲ್ಲಿ ಗಾಡಿ ನಿಲ್ಲಿಸಿ ಬಾಳೆಹಣ್ಣು ಕೊಂಡು ತುಮಕೂರಿನವರೆಗೂ ತಿನ್ನುತ್ತಾ ಬಂದ. ದಾರಿಯುದ್ದಕ್ಕೂ ದೆವ್ವದ ಮಾತು ಒಂದೂ ಆಡಲಿಲ್ಲ. ಇಳಿಯುವಾಗ ಮಾತ್ರ, 'ನಿನ್ನ ತಮ್ಮನ ಹೆಸ್ರೇನಣ್ಣ?' ಎಂದು ಕೇಳಿದ. ಕರುಣಾಕರ ಎಂದೆ. ಅಂಗಡಿಯವರ ಮುಂದೆ ಆ ಹೆಸರು ಹೇಳಿದ್ದು ಅದೇ ಮೊದಲ ಸಲ.

ನಿನ್ನ ಸೊಸೆ ನಮಸ್ಕಾರ ಹೇಳಿದ್ದಾಳೆ. ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೊ. ಹಾಸಿಗೆಗೆ ಹೋಗುವ ಮುಂಚೆ ನಮ್ಮೆಲ್ಲರ ಹೆಸರು ಹಿಡಿದು ಪ್ರಾರ್ಥಿಸುತ್ತೀಯಲ್ಲ, ಅಲ್ಲಿ ಬೆಟ್ಟಯ್ಯ, ವನಜಮ್ಮ ಎಂದು ಎರಡು ಹೆಸರು ಸೇರಿಸು.

ನಿನ್ನ ಕೈ ತಲೆಯ ಮೇಲಿರಲಿ ಎಂದು ಬಯಸುವ,
ಜಯಶೀಲ

ಬರೆಯಲು ಹಿಂಜರಿದು ಕೊನೆಗುಳಿಸಿದ್ದು: ಹೊರಡುವಾಗ ವನಜಮ್ಮ ಬಾಗಿಲ ತನಕ ಬಂದಳು. ಕರುಣನ ವಿಷಯ ಪ್ರಮೀಳಾಳಿಂದ ಅವಳಿಗೆ ತಿಳಿದಿತ್ತು. 'ನಿಮ್ಮವ್ವ ಆಮೇಲೆ ಹೆಂಗ್ ಅನ್ನ ಉಂಡ್ರಣ್ಣ? ಕೇಳಿ ಹೇಳ್ತೀರಾ?' ಎಂದಳು. ನನಗೆ ಗೊತ್ತಿಲ್ಲಮ್ಮ, ನಾನು ನಿನ್ನನ್ನು ಯಾವತ್ತೂ ಕೇಳಲಿಲ್ಲ. ಅವಳನ್ನು ಈಗ ಒಬ್ಬಳನ್ನೇ ಬಿಡುತ್ತಿಲ್ಲವಂತೆ. ಇದಕ್ಕೆ ಉತ್ತರ ಬರೆಯಬೇಡ, ಬಟ್ಟೆ ಹೊಂದಿಸಿಕೊ. ಶನಿವಾರ ನಾನೇ ಬಂದು ಕರೆತರುತ್ತೇನೆ. ಮೊದಲು ಅಮೃತೂರು. ಗೋಡೆ ಪಕ್ಕದ ಕರುಣನ ಹತ್ತಿರ ಹೋಗುವುದು ಆಮೇಲೆ, ನಿನಗೆ ಮನಸ್ಸು ಬಂದರೆ ಮಾತ್ರ. ಅವರ ಡಬ್ಬಿ ನನ್ನ ಬಳಿಯೇ ಇದೆ. ಖಾಲಿ ಡಬ್ಬಿ ಹಿಂದಕ್ಕೆ ಕೊಡಬಾರದೆಂದು ಹೇಳುತ್ತಿದ್ದವಳು ನೀನು. ವನಜಮ್ಮ ಉಣ್ಣುವಂಥದ್ದು ಏನು ಮಾಡಿ ತುಂಬಬೇಕೆಂದು ನಿನಗೊಬ್ಬಳಿಗೇ ಗೊತ್ತು.