ಗುಹೆಯ ಟ್ರೇಯಲ್ಲಿದ್ದ ಹಲ್ಲು

ಅಕ್ಕನ ಮನೆ, ಬುಧವಾರ

ಅಳಿದುಹೋದವರನ್ನೆಲ್ಲ ಬಲ್ಲ, ಮನೆಯವಳನ್ನು ಮಾತ್ರ ಅರಿಯದ ನನ್ನ ಯಜಮಾನರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಪತ್ರಿಕೆಯಲ್ಲೇ ಓದಿದೆ. ಭಾನುವಾರ ಅಕ್ಕ ಮೊದಲ ಪುಟವನ್ನು ನನ್ನ ಮುಖಕ್ಕೆ ಹಿಡಿದು, ನಿನ್ನ ಗಂಡ ಹೊಸ ಮನುಷ್ಯನ್ನ ಕಂಡುಹಿಡಿದಿದ್ದಾರಂತೆ ಕಣೇ ಅಂದಳು. ಮನುಷ್ಯ ಕುಲದವನೇ, ನಿಯಾಂಡರ್ತಾಲರಂತೆ ನಿರ್ನಾಮವಾದ ಇನ್ನೊಬ್ಬ ದಾಯಾದಿಯಂತೆ. ಸಾಕ್ಷಿಗೆ ನಮ್ಮ ಸಂಗ್ರಹಾಲಯದಲ್ಲಿ ನಾನು ತೆಗೆದ ಅಚ್ಚುಗಳ ಕಪಾಟಿನಲ್ಲಿ ಸಿಕ್ಕ ಒಂದು ದವಡೆ ಹಲ್ಲಿನ ಪ್ಲಾಸ್ಟರ್ ಅಚ್ಚು. ಬರುವ ಶನಿವಾರ ವಿದ್ವಾಂಸರ ಸಭೆಯಲ್ಲಿ ನೀವು ಪ್ರಬಂಧ ಓದುತ್ತೀರಂತೆ.

ಓದಬೇಡಿ. ಆ ಹಲ್ಲು ನಿಮ್ಮದೇ.

ಹನ್ನೊಂದು ವರ್ಷದ ಹಿಂದೆ ನಿಮ್ಮ ಕೊನೆಯ ದವಡೆ ಹಲ್ಲು ಕೀಳಿಸಿದ್ದು ನೆನಪಿದೆಯಾ? ಸೂಜಿ ಕಂಡೊಡನೆ ಮೂರ್ಛೆ ಹೋದಿರಿ, ಹಲ್ಲನ್ನು ನೋಡುವ ಭಾಗ್ಯ ನಿಮಗಿರಲಿಲ್ಲ. ದಂತವೈದ್ಯರು ಅದನ್ನು ನನ್ನ ಕೈಗೆ ಕೊಟ್ಟರು. ಇಷ್ಟು ದಪ್ಪ ಹಲ್ಲು ಈಗಿನ ಕಾಲದ ಮನುಷ್ಯನದಾಗಿರಲು ಸಾಧ್ಯವಿಲ್ಲ ಎಂದು ನೀವು ವರದಿಗಾರರಿಗೆ ಹೇಳಿದ್ದೀರಿ. ಅವತ್ತು ಆ ದಂತವೈದ್ಯರೂ ಅದನ್ನೇ ಹೇಳಿದ್ದರು.

ಕಂಡವರ ಮೂಳೆಗೆಲ್ಲ ಅಚ್ಚು ತೆಗೆಯುವವಳಿಗೆ ಗಂಡನ ಹಲ್ಲೊಂದು ಹೆಚ್ಚೇ? ಮನೆಗೆ ತಂದು ಆಸೆಪಟ್ಟು ತೆಗೆದೆ. ಹಲ್ಲಿನ ಮೇಲೆ ರಬ್ಬರು ಸುರಿಯುವಾಗ ಪಕ್ಕದ ಕೋಣೆಯಿಂದ, ಸತ್ತೇ ಹೋಗ್ತೀನಿ ಬಾರೇ ಎಂದು ನೀವು ನರಳಿದಿರಿ. ಗಾಬರಿಯಲ್ಲಿ ಗಾಳಿಗುಳ್ಳೆ ಒಡೆಯುವುದನ್ನು ಮರೆತೆ. ರಬ್ಬರಿನಲ್ಲಿ ಗುಳ್ಳೆ ನಿಂತ ಕಡೆ ಪ್ಲಾಸ್ಟರ್ ತುಂಬಿ ಉಬ್ಬಾಗುತ್ತದೆ. ಯಾವ ಮಾನವ ಬಂಧುವಿನಲ್ಲೂ ಆ ಜಾಗದಲ್ಲಿ ಕಾಣದ ಉಬ್ಬು ಎಂದು ನೀವು ಕೊಂಡಾಡಿರುವುದು ಅದನ್ನೇ. ಎಸೆಯಲು ಮನಸ್ಸಾಗದೆ, ಗುಹೆಯಲ್ಲಿ ಸಿಕ್ಕು, ಮೂಲ ಕಳೆದುಹೋಗಿ ಅಚ್ಚು ಮಾತ್ರ ಉಳಿದಿರುವ ಹಲ್ಲುಗಳ ಟ್ರೇಯಲ್ಲಿ ನಂಬರು ಹಾಕದೆ ಇಟ್ಟಿದ್ದೆ. ಆ ತಪ್ಪು ನನ್ನದು.

ಈ ಜೀವಿ ಒಂದೇ ಪಕ್ಕದಲ್ಲಿ ಅಗಿಯುತ್ತಿತ್ತು, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿತ್ತು, ಯಾರೊಂದಿಗೂ ಹೊಂದಿ ಬಾಳಿರಲಾರದು ಎಂದೂ ಹೇಳಿದ್ದೀರಿ. ಮೂರೂ ಸರಿ. ನಿಮ್ಮ ವಿದ್ಯೆಯ ಬಗ್ಗೆ ನನಗೆ ಎಂದೂ ಅನುಮಾನವಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಿರಿ, ಅಷ್ಟೆ.

ನಾಲ್ಕು ತಿಂಗಳ ಹಿಂದೆ ಇನ್ನೊಂದು ಅಚ್ಚು ತೋರಿಸಿ, ಇದು ಗುಳ್ಳೆ ಇರಬಹುದು ಅಂದಿದ್ದೆ. ಅಚ್ಚಿನವಳಿಗೆ ಮೂಳೆ ಉಸಾಬರಿ ಯಾಕೆ ಎಂದು ಎಲ್ಲರೆದುರು ಅಂದಿರಿ. ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಹಾಗಾಗಿ ಸುದ್ದಿ ಓದಿಯೂ ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸಭೆಯಲ್ಲಿ ಮಾನ ಹರಾಜಾಗಲಿ ಎಂದು ಹಾರೈಸಿದ್ದೂ ಉಂಟು, ಸುಳ್ಳೇಕೆ? ಆಮೇಲೆ ಎಲ್ಲರೂ ನಗುವಾಗ ನೀವು ಕನ್ನಡಕ ಒರೆಸುತ್ತ ನಿಲ್ಲುವುದು ಕಣ್ಣಿಗೆ ಕಟ್ಟಿತು. ಪೆನ್ನು ಕೈಗೆತ್ತಿಕೊಂಡೆ. ನಿಮ್ಮನ್ನು ಗೇಲಿ ಮಾಡುವ ಹಕ್ಕು ನನ್ನೊಬ್ಬಳದು, ಅದನ್ನು ಊರಿಗೆಲ್ಲ ಹಂಚಲಾರೆ.

ಪ್ರಬಂಧ ಹಿಂದಕ್ಕೆ ಪಡೆಯಿರಿ. ಇದು ಬರೀ ವೃತ್ತಿಧರ್ಮ. ನಾನು ಕರಗಿದೆನೆಂದು ಬೀಗಬೇಡಿ.

ಇಂತಿ, ಮೂಳೆಯ ಉಸಾಬರಿ ಬಿಡಲಾರದ
ಅಚ್ಚಿನವಳು

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಕ್ಕ ಏಳನೆಯ ಪುಟ ತಂದುಕೊಟ್ಟಳು, ವರದಿಯ ಉಳಿದರ್ಧ ಅಲ್ಲಿತ್ತು. ಆ ಜೀವಿಗೆ ನನ್ನ ಹೆಸರಿಟ್ಟಿದ್ದೀರಂತೆ. ಯಾಕೆಂದು ವರದಿಗಾರರು ಕೇಳಿದ್ದಕ್ಕೆ, ಅವಳು ಹೋದಮೇಲೆ ಅವಳ ಕಪಾಟು ತಡಕುತ್ತಿದ್ದಾಗ ನನಗೆ ಸಿಕ್ಕಿದ್ದು ಇದೊಂದೇ ಅಂದಿರಂತೆ. ರೀ, ನಿಮ್ಮ ಹಲ್ಲಿಗೆ ನನ್ನ ಹೆಸರು! ನಕ್ಕೂ ನಕ್ಕೂ ಅತ್ತುಬಿಟ್ಟೆ. ಇದನ್ನು ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನಾನಿನ್ನೂ ಅಳಿದುಹೋಗಿಲ್ಲ, ಬಾಗಿಲು ತೆಗೆಯಿರಿ.